ಪೋಲಿ ಆಗೋಕೂ ಲೈಸೆನ್ಸ್ ಬೇಕಾ?

"ಗೇ ಆದ್ರೆ ಏನೀಗ? ನಂಗೇನೂ ಪ್ರಾಬ್ಲಂ ಇಲ್ಲಪ್ಪ. ಡೀಸೆಂಟಾಗಿದ್ರೆ ಸಾಕು."

ಈ ಮಾತನ್ನು ನೀವು ಕೇಳಿರ್ತೀರಿ. ಹೇಳಿಯೂ ಇರ್ತೀರಿ. ಹೇಳುವವರು ಕೆಟ್ಟವರೇನಲ್ಲ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ಸೆಕ್ಷನ್ 377ರ ಹಲ್ಲು ಕಿತ್ತಾಗ ವಾಟ್ಸ್ಯಾಪ್ ಸ್ಟೇಟಸ್ಸಿಗೆ ಕಾಮನಬಿಲ್ಲು ಹಾಕಿಕೊಂಡವರೇ ಅವರು. ನನಗೆ ತಕರಾರಿರುವುದು ಆ ಕೊನೆಯ ಎರಡು ಪದಗಳ ಬಗ್ಗೆ ಮಾತ್ರ. ಟೀವಿ ಜಾಹೀರಾತಿನ ಕೊನೆಯಲ್ಲಿ ಉಸಿರು ಕಟ್ಟಿಕೊಂಡು ಓದಿ ಮುಗಿಸ್ತಾರಲ್ಲ, "ಷರತ್ತುಗಳು ಅನ್ವಯಿಸುತ್ತವೆ" ಅಂತ, ಹಾಗಿದೆ ಅದು. ಕೊಟ್ಟದ್ದನ್ನೆಲ್ಲ ಅದು ವಾಪಸ್ ತಗೊಂಡುಬಿಡುತ್ತದೆ.

ಈ ಡೀಸೆಂಟು ಎಂಬ ಷರತ್ತಿನ ಮೇಲೆ ನನಗೆ ಗೊತ್ತಿರುವ ಹಾಗೆ ಅತ್ಯಂತ ಗಮ್ಮತ್ತಾಗಿ ಉಗಿದ ಪುಸ್ತಕವೊಂದಿದೆ. ಇಂಗ್ಲಿಷ್ ನಟ ರೂಪರ್ಟ್ ಎವರೆಟ್ 2006ರಲ್ಲಿ ಬರೆದ ಆತ್ಮಕಥೆ, 'ರೆಡ್ ಕಾರ್ಪೆಟ್ಸ್ ಆಂಡ್ ಅದರ್ ಬನಾನಾ ಸ್ಕಿನ್ಸ್'. ಕೆಂಪು ಹಾಸು ಮತ್ತು ಜಾರಿ ಬೀಳಿಸುವ ಇತರ ಬಾಳೆಹಣ್ಣಿನ ಸಿಪ್ಪೆಗಳು ಅಂತ ಇಟ್ಕೊಳ್ಳಿ. ಹೆಸರಲ್ಲೇ ಎಲ್ಲ ಇದೆ. ಸಿನಿಮಾದವರು ಪ್ರಾಣ ಬಿಡುವ ಆ ರತ್ನಗಂಬಳಿಯೂ ಇವನ ಲೆಕ್ಕದಲ್ಲಿ ಒಂದು ಸಿಪ್ಪೆ. ಜಾರಿ ಬಿದ್ದವನು ತಾನೇ. ಬಿದ್ದದ್ದನ್ನು ಕೂತು ನಗುತ್ತಾ ಹೇಳುವವನೂ ತಾನೇ.

ಯಾರಿವನು ಅಂತ ಕೇಳುವವರಿಗೆ: 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್' ನೋಡಿದ್ದೀರಾ? ಜೂಲಿಯಾ ರಾಬರ್ಟ್ಸ್‌ಗೆ ಒಬ್ಬ ಗೇ ಗೆಳೆಯ ಇರ್ತಾನೆ, ಎತ್ತರಕ್ಕೆ, ಲಕ್ಷಣವಾಗಿ, ಬಾಯಿ ಬಿಟ್ಟರೆ ಚಟಾಕಿ ಹಾರಿಸುವವನು. ಅವನೇ. 'ಶ್ರೆಕ್ 2'ರಲ್ಲಿ ಕೂದಲು ಹಾರಿಸಿಕೊಂಡು ಬರುವ ಪ್ರಿನ್ಸ್ ಚಾರ್ಮಿಂಗ್‌ನ ದನಿಯೂ ಅವನದೇ. 1959ರಲ್ಲಿ ಇಂಗ್ಲೆಂಡಿನ ನಾರ್ಫೋಕ್‌ನಲ್ಲಿ ಹುಟ್ಟಿದವನು. ಅಪ್ಪ ಸೈನ್ಯದಲ್ಲಿ ಮೇಜರ್. ಕ್ಯಾಥೊಲಿಕ್ ಮನೆತನ. ಎಳೆಯ ವಯಸ್ಸಿಗೇ ಬೋರ್ಡಿಂಗ್ ಶಾಲೆ, ಆಮೇಲೆ ಸನ್ಯಾಸಿಗಳು ನಡೆಸುವ ಆಂಪಲ್‌ಫೋರ್ತ್ ಕಾಲೇಜು. ಹದಿಹರೆಯದಲ್ಲೇ ಅದನ್ನು ಬಿಟ್ಟು ನಟನಾಗುತ್ತೇನೆಂದು ಲಂಡನ್ನಿಗೆ ಓಡಿದ. ನಾಟಕ ಶಾಲೆಗೆ ಸೇರಿ, ಮೇಷ್ಟ್ರುಗಳ ಜತೆ ಜಗಳ ಆಡಿ, ಅಲ್ಲಿಂದ ಹೊರದಬ್ಬಿಸಿಕೊಂಡು, ಗ್ಲಾಸ್ಗೋದ ಸಿಟಿಜನ್ಸ್ ಥಿಯೇಟರ್ ಸೇರಿಕೊಂಡ. ಆ ವಯಸ್ಸಿನಲ್ಲಿ ದುಡ್ಡಿಗೂ ಡ್ರಗ್ಸಿಗೂ ಮೈ ಮಾರಿಕೊಂಡಿದ್ದೆ ಅಂತ 1997ರ ಒಂದು ಸಂದರ್ಶನದಲ್ಲಿ ತಾನಾಗಿಯೇ ಹೇಳಿದ. ಆ ವರ್ಷ ನೆನಪಿಟ್ಟುಕೊಳ್ಳಿ. ಅದು ಅವನು ಹಾಲಿವುಡ್ಡಿನಲ್ಲಿ ಅತಿ ಎತ್ತರಕ್ಕೆ ಏರಿದ್ದ ವರ್ಷ. ಬೇರೆ ಯಾರಾದರೂ ಆಗಿದ್ದರೆ ವಕೀಲರನ್ನಿಟ್ಟು ಮುಚ್ಚಿಸುತ್ತಿದ್ದ ವಿಷಯ.

ಪುಸ್ತಕ ಓದುವಾಗ ಗಾಸಿಪ್ಪಿನ ಹಸಿವಿಗೆ ಭರ್ತಿ ಊಟ ಇದೆ, ಸುಳ್ಳು ಯಾಕೆ ಹೇಳಲಿ. ಬಾಬ್ ಡಿಲನ್ ಜತೆ ನಟಿಸಿ ನೆಲಕಚ್ಚಿದ 'ಹಾರ್ಟ್ಸ್ ಆಫ್ ಫೈರ್' (1987) ಎಂಬ ಚಿತ್ರದ ಕಥೆ ಇದೆ. ಆರ್ಸನ್ ವೆಲ್ಸ್ ಎಂಬ ಮುದಿ ಸಿಂಹ ತನ್ನ ಯೌವನದ ಪಾತ್ರಕ್ಕೆ ಇವನನ್ನು ಆರಿಸಿದ್ದು, ಆಮೇಲೆ ದುಡ್ಡು ಹುಟ್ಟದೆ ಆ ಸಿನಿಮಾ ಸತ್ತದ್ದು ಇದೆ. ಮಡೋನಾ, ಷರಾನ್ ಸ್ಟೋನ್, ಜೂಲಿಯಾ ರಾಬರ್ಟ್ಸ್ ಇದ್ದಾರೆ. ಗೇ ಆಗಿದ್ದೂ ಹೆಂಗಸರ ಜತೆ ನಡೆಸಿದ ಪ್ರೇಮ ಪ್ರಕರಣಗಳಿವೆ (ನಮ್ಮ ಹೆಚ್‌ಆರ್ ಫಾರಮ್ಮಿನಲ್ಲಿ ಇದಕ್ಕೆ ಯಾವ ಡಬ್ಬಕ್ಕೆ ಟಿಕ್ ಹಾಕ್ತೀರೋ ನನಗೆ ಗೊತ್ತಿಲ್ಲ). ಪ್ಯಾರಿಸ್ ಇದೆ, ಮಯಾಮಿ ಇದೆ. ಇದೆಲ್ಲದರ ಅಡಿಯಲ್ಲಿ ಸಣ್ಣಗೆ ಕೊರೆಯುವ ಎಂಬತ್ತರ ದಶಕದ ಭಯವಿದೆ. ಏಡ್ಸ್ ಹೊಸದಾಗಿ ಬಂದಿತ್ತು, ಔಷಧಿ ಇರಲಿಲ್ಲ, ಯಾರ ಕತ್ತಿನ ಮೇಲೆ ಕಲೆ ಕಂಡರೂ ಎದೆ ಧಸಕ್ ಅನ್ನುತ್ತಿದ್ದ ಕಾಲ ಅದು. ನಿನ್ನೆ ಪಾರ್ಟಿಯಲ್ಲಿದ್ದವನು ಇವತ್ತು ಆಸ್ಪತ್ರೆಯಲ್ಲಿ, ನಾಳೆ ಇಲ್ಲ. ಎವರೆಟ್ ಅಲ್ಲೂ ಕಣ್ಣೀರಿನ ಕೊಡ ಹೊತ್ತುಕೊಂಡು ಬರುವುದಿಲ್ಲ. ಒಂದು ಜೋಕು ಹೊಡೆದು ಮುಂದೆ ಹೋಗುತ್ತಾನೆ, ಆ ಜೋಕು ಮಾತ್ರ ನಮ್ಮ ಜತೆ ಉಳಿದುಬಿಡುತ್ತದೆ.

ಇದನ್ನು ಓದಲು ಕೊಟ್ಟ ನಾಲ್ಕು ಜನರಲ್ಲಿ ಮೂವರು ಒಂದೇ ಪ್ರಶ್ನೆ ಕೇಳಿದರು. "ಚೆನ್ನಾಗಿದೆ ಮಗಾ, ಆದ್ರೆ ಇದೆಲ್ಲ ಹೇಳ್ಕೋಬೇಕಿತ್ತಾ?" ಒಬ್ಬಳು ಇನ್ನೂ ಮುಂದೆ ಹೋಗಿ, "ಇಂಥೋರಿಂದಾನೇ ಗೇಗಳ ಹೆಸರು ಹಾಳಾಗೋದು," ಅಂದಳು.

ಇಲ್ಲಿ ನಿಲ್ಲಿ ಸ್ವಲ್ಪ.

ಎರಲ್ ಫ್ಲಿನ್ ಅಂತ ಒಬ್ಬ ನಟನಿದ್ದ, ಕತ್ತಿವರಸೆ ಸಿನಿಮಾಗಳ ಹೀರೋ. 1959ರಲ್ಲಿ ಸತ್ತ ಮೇಲೆ ಅವನ ಆತ್ಮಕಥೆ ಬಂತು. ತನ್ನ ದುಷ್ಟ ದಾರಿಗಳ ಬಗ್ಗೆ ತಾನೇ ಕೊಚ್ಚಿಕೊಳ್ಳುವ ಪುಸ್ತಕ, ಹೆಸರು 'ಮೈ ವಿಕೆಡ್, ವಿಕೆಡ್ ವೇಸ್'. ಹೆಂಗಸರು, ಹೆಂಡ, ಹೊಡೆದಾಟ ಎಲ್ಲ ಇದೆ. ಡೇವಿಡ್ ನಿವೆನ್ 1971ರಲ್ಲಿ ಬರೆದ 'ದ ಮೂನ್ಸ್ ಎ ಬಲೂನ್' ಎಂಬ ಆತ್ಮಕಥೆಯಂತೂ ಇಂಗ್ಲಿಷ್ ಮನೆಗಳ ಕಪಾಟಿನ ಖಾಯಂ ಸದಸ್ಯ. ಅದರಲ್ಲೂ ಪೋಲಿತನಕ್ಕೇನು ಕಡಿಮೆ ಇಲ್ಲ. ನಮ್ಮ ರಿಷಿ ಕಪೂರ್ 2017ರಲ್ಲಿ 'ಖುಲ್ಲಂ ಖುಲ್ಲಾ' ಬರೆದು, ದುಡ್ಡು ಕೊಟ್ಟು ಪ್ರಶಸ್ತಿ ಕೊಂಡಿದ್ದೆ ಅಂತ ಒಪ್ಪಿಕೊಂಡಾಗ "ಏನ್ ದಿಲ್ದಾರ್ ಮನುಷ್ಯ ಗುರೂ" ಅಂದೆವು. ಫ್ಲಿನ್‌ನಿಂದಾಗಿ ಸ್ಟ್ರೇಟ್ ಗಂಡಸರ ಹೆಸರು ಹಾಳಾಯ್ತು ಅಂತ ಯಾರಾದರೂ ಕೊರಗಿದ್ದನ್ನು ನೀವು ಕೇಳಿದ್ದೀರಾ? ಅವನ ಪೋಲಿತನ ಅವನೊಬ್ಬನದು. ಎವರೆಟ್‌ನ ಪೋಲಿತನಕ್ಕೆ ಮಾತ್ರ ಇಡೀ ಪಂಗಡದ ಜಾಮೀನು ಬೇಕು. ಹಳೇ ನಟರ ರಸಿಕತೆಯ ಕಥೆಗಳನ್ನು ಶುಕ್ರವಾರ ಸಂಜೆ ಬಿಯರ್ ಮುಂದಿಟ್ಟುಕೊಂಡು ಹೇಳುವಾಗ ನಮ್ಮ ಕಣ್ಣುಗಳು ಹೊಳೆಯುತ್ತವೆ, ಅದಕ್ಕೆ 'ರಸಿಕ' ಅನ್ನೋ ಸೊಗಸಾದ ಪದವೂ ಇದೆ. ಅದೇ ಕಥೆಯಲ್ಲಿ ನಾಯಕಿಯ ಜಾಗಕ್ಕೆ ಒಬ್ಬ ಹುಡುಗನನ್ನು ಇಟ್ಟು ನೋಡಿ. ರಸಿಕ ಹೋಗಿ 'ಚಟ' ಬಂದು ಕೂರುತ್ತದೆ.

ನಾನು ಗೇ. ಇದನ್ನು ಇಷ್ಟು ಹೊತ್ತು ಬಚ್ಚಿಟ್ಟಿರಲಿಲ್ಲ, ಹೇಳುವ ಜಾಗ ಈಗ ಬಂತು ಅಷ್ಟೇ. ಹತ್ತು ವರ್ಷದಿಂದ ಬೆಂಗಳೂರಲ್ಲಿ ಕೆಲಸ ಮಾಡ್ತಿದೀನಿ. ಅಮ್ಮನಿಗೆ ಗೊತ್ತು. ಅಪ್ಪನಿಗೆ ಗೊತ್ತಿದ್ದೂ ಗೊತ್ತಿಲ್ಲ. ಜೂನ್ ಬಂತು ಅಂದ್ರೆ ಕಂಪನಿಯ ಲೋಗೋ ಬಣ್ಣ ಬದಲಾಗುತ್ತೆ. ಹಿಂದೆ ನಾನಿದ್ದ ಒಂದು ಕಡೆ ಅಂಥದೇ ಜೂನ್‌ನಲ್ಲಿ ನನ್ನನ್ನು ವೇದಿಕೆ ಮೇಲೆ ಕೂರಿಸಿದರು. ಅದಕ್ಕೆ ಮುಂಚೆ ಒಂದು ಸಣ್ಣ ಫೋನ್ ಕಾಲ್. "ನಿಮ್ಮ ಜರ್ನಿ ಬಗ್ಗೆ ಹೇಳಿ, ಇನ್‌ಸ್ಪೈರಿಂಗ್ ಆಗಿರ್ಲಿ. ಡೇಟಿಂಗ್ ಆ್ಯಪ್, ಗೀಪ್ ಅದೆಲ್ಲ ಬೇಡ ಆಯ್ತಾ? ಫ್ಯಾಮಿಲಿ ಆಡಿಯೆನ್ಸ್." ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಮ್ಯಾನೇಜರು, ತಾನು ಕಾಲೇಜಲ್ಲಿ ಏಕಕಾಲಕ್ಕೆ ಇಬ್ಬರು ಹುಡುಗಿಯರನ್ನು ಹೇಗೆ ನಿಭಾಯಿಸಿದೆ ಅಂತ ಅದೇ ಆಡಿಯೆನ್ಸ್‌ಗೆ ಹೇಳಿ ಚಪ್ಪಾಳೆ ತಗೊಂಡ. ನಾನು ಅಮ್ಮ ಅತ್ತ ಕಥೆ ಹೇಳಿದೆ. ನನಗೂ ಚಪ್ಪಾಳೆ ಬಿತ್ತು, ಸ್ವಲ್ಪ ಒದ್ದೆ ಚಪ್ಪಾಳೆ.

ಸರಿ, ಎವರೆಟ್‌ಗೆ ಬರೋಣ. ಅವನ ವಿರುದ್ಧ ಹೇಳುವ ಗಟ್ಟಿ ವಾದ ಒಂದಿದೆ, ಅದನ್ನು ನಿಯತ್ತಾಗಿ ಎದುರಿಸಬೇಕು. ಅವನು ನೆಲಕಚ್ಚಿದ್ದು ಗೇ ಆಗಿದ್ದಕ್ಕಲ್ಲ, ಬಾಯಿ ಸರಿ ಇಲ್ಲದ್ದಕ್ಕೆ, ಸೆಟ್ಟಲ್ಲಿ ಕಿರಿಕ್ ಮಾಡಿದ್ದಕ್ಕೆ, ಸಿಕ್ಕ ಅವಕಾಶವನ್ನು ಕೆಡಿಸಿಕೊಂಡಿದ್ದಕ್ಕೆ ಅನ್ನುವುದು. ಅವನ ಬಾಯಿ ಸರಿ ಇಲ್ಲ, ನಿಜ. ಅವನೇ ಪುಟಪುಟವೂ ಅದಕ್ಕೆ ಸಾಕ್ಷಿ ಕೊಡುತ್ತಾನೆ. ಹಾಗಾದರೆ ಬಾಯಿ, ಕೈ, ಕಾಲು ಯಾವುದೂ ಸರಿ ಇಲ್ಲದ ಇತರರ ಲೆಕ್ಕ ತೆಗೆಯೋಣ.

ಹ್ಯೂ ಗ್ರಾಂಟ್. ಎವರೆಟ್‌ನ ಓರಗೆಯವನು, ಅದೇ ಬಗೆಯ ಇಂಗ್ಲಿಷ್ ಉಚ್ಚಾರ, ಅದೇ ತುಂಟ ನಗು. ತಮಾಷೆ ಅಂದ್ರೆ ಅವನಿಗೆ ಹೆಸರು ತಂದದ್ದೂ ಒಂದು ಗೇ ಪಾತ್ರವೇ. 1987ರ 'ಮಾರಿಸ್' ಚಿತ್ರಕ್ಕೆ ವೆನಿಸ್ಸಿನಲ್ಲಿ ಅವನಿಗೂ ಸಹನಟನಿಗೂ ಜಂಟಿಯಾಗಿ ಶ್ರೇಷ್ಠ ನಟ ಪ್ರಶಸ್ತಿ ಬಂತು. 1995ರ ಜೂನ್‌ನಲ್ಲಿ ಲಾಸ್ ಏಂಜಲೀಸ್‌ನ ರಸ್ತೆಯಲ್ಲಿ, ಕಾರಿನೊಳಗೆ, ಲೈಂಗಿಕ ಕಾರ್ಯಕರ್ತೆಯೊಬ್ಬಳ ಜತೆ ಪೊಲೀಸರ ಕೈಗೆ ಸಿಕ್ಕಿಬಿದ್ದ. ಎರಡು ವಾರದಲ್ಲಿ ಟೀವಿಗೆ ಬಂದು, ತಪ್ಪಾಯ್ತು ಅಂದು, ಕಣ್ಣು ಪಿಳಿಪಿಳಿ ಬಿಟ್ಟ. ಜುಲೈನಲ್ಲಿ ಬಿಡುಗಡೆಯಾದ ಅವನ ಸಿನಿಮಾ ಚೆನ್ನಾಗಿಯೇ ಓಡಿತು. 1999ಕ್ಕೆ 'ನಾಟಿಂಗ್ ಹಿಲ್'. ಹೀರೋಯಿನ್ ಯಾರು ಹೇಳಿ? ಜೂಲಿಯಾ ರಾಬರ್ಟ್ಸ್.

ರಾಬರ್ಟ್ ಡೌನಿ ಜೂನಿಯರ್. 1996ರಿಂದ ಡ್ರಗ್ಸ್ ಕೇಸುಗಳಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದ, ಜೈಲಿಗೆ ಹೋದ, 2001ರಲ್ಲಿ ಟೀವಿ ಸರಣಿಯಿಂದ ಕಿತ್ತುಹಾಕಿಸಿಕೊಂಡ. 2008ರಲ್ಲಿ ಐರನ್ ಮ್ಯಾನ್. 2024ರಲ್ಲಿ ಆಸ್ಕರ್. ನಮಗೆಲ್ಲ ಅದು ಪುಟಿದೆದ್ದ ಕಥೆ, ಲಿಂಕ್ಡ್‌ಇನ್‌ನಲ್ಲಿ ಪೋಸ್ಟ್ ಹಾಕೋಕೆ ಹೇಳಿ ಮಾಡಿಸಿದ್ದು. ಅವನು ಎದ್ದು ಬಂದದ್ದು ನನಗೂ ಖುಷಿಯೇ. ಇನ್ನು ಮೆಲ್ ಗಿಬ್ಸನ್. ಎವರೆಟ್‌ನ ಪುಸ್ತಕ ಬಂತಲ್ಲ 2006ರಲ್ಲಿ, ಅದೇ ವರ್ಷ ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದು, ಯಹೂದಿಗಳ ಬಗ್ಗೆ ಹೊಲಸು ಮಾತಾಡಿದ. 2017ರಲ್ಲಿ ಶ್ರೇಷ್ಠ ನಿರ್ದೇಶಕ ಆಸ್ಕರ್‌ಗೆ ನಾಮಕರಣಗೊಂಡು ಸೂಟು ಹಾಕಿಕೊಂಡು ಮುಂದಿನ ಸಾಲಲ್ಲಿ ಕೂತಿದ್ದ.

ಈ ಮೂವರಿಗೂ ಎರಡನೇ ಇನಿಂಗ್ಸ್ ಸಿಕ್ಕಿತು. ಎವರೆಟ್ ಕೊಟ್ಟದ್ದು ಒಂದು ಫ್ಲಾಪು. 2000ದಲ್ಲಿ ಮಡೋನಾ ಜತೆ 'ದ ನೆಕ್ಸ್ಟ್ ಬೆಸ್ಟ್ ಥಿಂಗ್'. ಕೆಟ್ಟ ಸಿನಿಮಾ, ನಾನು ನೋಡಿದೀನಿ, ನೀವು ನೋಡಬೇಡಿ. ನಿರ್ದೇಶಕ ಜಾನ್ ಷ್ಲೆಸಿಂಜರ್, 'ಮಿಡ್‌ನೈಟ್ ಕೌಬಾಯ್' ಮಾಡಿದಾತ, ಅದು ಅವನ ಕೊನೆಯ ಚಿತ್ರವಾಯಿತು. ಮಡೋನಾಗೆ ಆ ವರ್ಷದ ಅತಿ ಕೆಟ್ಟ ನಟಿ ಅಂತ ರಾಜ್ಜಿ ಪ್ರಶಸ್ತಿ ಸಿಕ್ಕಿತು. ಅವಳ ಸಾಮ್ರಾಜ್ಯಕ್ಕೇನೂ ಆಗಲಿಲ್ಲ. ಹಾಲಿವುಡ್ಡಿನಲ್ಲಿ ಎವರೆಟ್‌ನ ನಾಯಕನ ಪಾತ್ರಗಳು ಮಾತ್ರ ಅಲ್ಲಿಗೆ ಹೆಚ್ಚುಕಡಿಮೆ ಮುಗಿದವು.

ಇದಕ್ಕಿಂತಲೂ ಚುಚ್ಚುವ ಹೋಲಿಕೆ ಇನ್ನೊಂದಿದೆ. 1984ರಲ್ಲಿ 'ಅನದರ್ ಕಂಟ್ರಿ' ಎಂಬ ಚಿತ್ರ ಬಂತು. ಮೂವತ್ತರ ದಶಕದ ಇಂಗ್ಲಿಷ್ ಬೋರ್ಡಿಂಗ್ ಶಾಲೆ. ಗಯ್ ಬೆನೆಟ್ ಎಂಬ ಗೇ ಹುಡುಗ ಶಾಲೆಯ ದೊಡ್ಡಮನುಷ್ಯರ ಕೂಟದೊಳಗೆ ಸೇರಬೇಕು ಅಂತ ಹಂಬಲಿಸುತ್ತಾನೆ. ಪ್ರೀತಿಯನ್ನು ಮುಚ್ಚಿಡದ ತಪ್ಪಿಗೆ ಆ ಬಾಗಿಲು ಅವನಿಗೆ ಮುಚ್ಚಿಹೋಗುತ್ತದೆ. ಅವನ ಜೊತೆಗಾರ ಜಡ್ ಎಂಬ ಗಂಭೀರ ಕಮ್ಯುನಿಸ್ಟ್ ಹುಡುಗ. ಬೆನೆಟ್ ಆಗಿದ್ದವನು ಎವರೆಟ್, ಜಡ್ ಆಗಿದ್ದವನು ಕಾಲಿನ್ ಫರ್ತ್. ಒಂದೇ ಚಿತ್ರ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಇಬ್ಬರು ಹುಡುಗರು. ಫರ್ತ್ 1995ರಲ್ಲಿ ಮಿಸ್ಟರ್ ಡಾರ್ಸಿಯಾಗಿ ಹೆಂಗಸರ ನಿದ್ದೆ ಕೆಡಿಸಿದ. 2009ರಲ್ಲಿ 'ಎ ಸಿಂಗಲ್ ಮ್ಯಾನ್'ನಲ್ಲಿ ಸಂಗಾತಿಯನ್ನು ಕಳಕೊಂಡ ಗೇ ಪ್ರೊಫೆಸರನಾಗಿ ಆಸ್ಕರ್ ನಾಮಕರಣ ಪಡೆದ. ಮರುವರ್ಷದ 'ದ ಕಿಂಗ್ಸ್ ಸ್ಪೀಚ್'ಗೆ ಆಸ್ಕರ್‌ನ್ನೇ ಪಡೆದ. ಫರ್ತ್ ಒಳ್ಳೆಯ ನಟ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲೆಕ್ಕ ನೋಡಿ: ಟಾಮ್ ಹ್ಯಾಂಕ್ಸ್‌ಗೆ 'ಫಿಲಡೆಲ್ಫಿಯಾ', ಫಿಲಿಪ್ ಸೇಮೂರ್ ಹಾಫ್‌ಮನ್‌ಗೆ 'ಕಪೋಟಿ', ಶಾನ್ ಪೆನ್‌ಗೆ 'ಮಿಲ್ಕ್'. ಗೇ ಪಾತ್ರ ಮಾಡಿ ಆಸ್ಕರ್ ಎತ್ತಿದ ಸ್ಟ್ರೇಟ್ ನಟರು ಇವರು. ಗೇ ಆಗಿ ನಟಿಸಿದರೆ ಧೈರ್ಯ, ಗೇ ಆಗಿ ಬದುಕಿದರೆ ಇಮೇಜ್ ಪ್ರಾಬ್ಲಂ.

(ಅಂದಹಾಗೆ ಎವರೆಟ್ ತನ್ನ ಪುಸ್ತಕದಲ್ಲಿ ಆ ಕಾಲದ ಫರ್ತ್‌ನನ್ನು ಗಿಟಾರ್ ಕುಟ್ಟುವ ಬೋರು ಸಮಾಜವಾದಿ ಅನ್ನುವ ಹಾಗೆ ಚಿತ್ರಿಸಿ ಲೇವಡಿ ಮಾಡಿದ್ದಾನೆ. ಫರ್ತ್ ಅದನ್ನು ಮನಸ್ಸಿಗೆ ಹಚ್ಚಿಕೊಂಡ ಹಾಗಿಲ್ಲ. ಯಾಕೆ ಅಂತ ಕೊನೆಗೆ ಹೇಳ್ತೀನಿ.)

ಈಗ ಮತ್ತೆ 'ಮೈ ಬೆಸ್ಟ್ ಫ್ರೆಂಡ್ಸ್ ವೆಡ್ಡಿಂಗ್'. 1997. ಜಗತ್ತಿನಾದ್ಯಂತ ಸುಮಾರು 30 ಕೋಟಿ ಡಾಲರ್ ಗಳಿಸಿತು. ಎವರೆಟ್‌ಗೆ ಗೋಲ್ಡನ್ ಗ್ಲೋಬ್ ನಾಮಕರಣ ಬಂತು. ಪರೀಕ್ಷಾ ಪ್ರದರ್ಶನದಲ್ಲಿ ಜನಕ್ಕೆ ಮೊದಲಿನ ಕ್ಲೈಮ್ಯಾಕ್ಸ್ ಹಿಡಿಸಲಿಲ್ಲ. ಅದರಲ್ಲಿ ನಾಯಕಿಗೆ ಇನ್ನೊಬ್ಬ ಹೊಸ ಗಂಡಸು ಸಿಗುತ್ತಿದ್ದ. ಅದನ್ನು ಕಿತ್ತುಹಾಕಿ, ಎವರೆಟ್ ಬಂದು ಅವಳ ಜತೆ ಕುಣಿಯುವ ದೃಶ್ಯವನ್ನು ಹೊಸದಾಗಿ ತೆಗೆದರು. ಜನ ಅವನನ್ನು ಅಷ್ಟು ಇಷ್ಟಪಟ್ಟರು. ನಾನೂ ಆ ದೃಶ್ಯಕ್ಕೆ ಪ್ರತಿ ಸಲ ಕರಗುತ್ತೇನೆ.

ಆದರೆ ಆ ಜಾರ್ಜ್ ಎಂಬ ಪಾತ್ರವನ್ನು ಒಮ್ಮೆ ತಣ್ಣಗೆ ಕೂತು ನೋಡಿ. ಅವನು ನಾಯಕಿಯ ಸಂಪಾದಕ, ನ್ಯೂಯಾರ್ಕಿನಲ್ಲಿರ್ತಾನೆ. ಅವಳು ಷಿಕಾಗೋದಿಂದ ಒಂದು ಫೋನ್ ಹೊಡೆದರೆ ವಿಮಾನ ಹತ್ತಿ ಬರ್ತಾನೆ. ಅವಳ ಸುಳ್ಳಿಗೆ ತಾಳ ಹಾಕ್ತಾನೆ, ಹಾಡ್ತಾನೆ, ನಗಿಸ್ತಾನೆ, ಬುದ್ಧಿ ಹೇಳ್ತಾನೆ, ಮತ್ತೆ ವಿಮಾನ ಹತ್ತಿ ಹೋಗ್ತಾನೆ. ಅವನಿಗೂ ಒಬ್ಬ ಪ್ರೇಮಿ ಇದ್ದಾನೋ ಇಲ್ಲವೋ, ಅವನೂ ಯಾರಿಗಾದರೂ ಕಾದು ನಿದ್ದೆಗೆಟ್ಟಿದ್ದಾನೋ, ಚಿತ್ರಕ್ಕೆ ಅದರ ಬಗ್ಗೆ ಆಸಕ್ತಿಯೇ ಇಲ್ಲ. ಮೈಯಿಲ್ಲದ ಮನುಷ್ಯ. ಹಿಂದಿನ ಸಿನಿಮಾಗಳಲ್ಲಿ ಸೊಂಟ ಬಳುಕಿಸಿ ನಗೆಪಾಟಲಾಗುತ್ತಿದ್ದ ಪಾತ್ರಕ್ಕಿಂತ ಇದು ಸಾವಿರ ಪಾಲು ಮೇಲು, ಒಪ್ಪುತ್ತೇನೆ. ಆದರೆ ಡೀಸೆಂಟ್ ಗೇ ಎಂಬ ಅಚ್ಚು ಎರಕ ಹೊಯ್ದದ್ದೂ ಇಲ್ಲೇ. ಇವತ್ತು ನಿಮ್ಮ ಟೀಮಿನಲ್ಲಿರುವ ಗೇ ಹುಡುಗನಿಂದ ನೀವು ಬಯಸುವುದೂ ಅದನ್ನೇ ಅಲ್ಲವಾ? ಮದುವೆ ಶಾಪಿಂಗಿಗೆ ಜತೆಗೆ ಬರಬೇಕು, ಯಾವ ಸೀರೆಗೆ ಯಾವ ಬ್ಲೌಸ್ ಅಂತ ಹೇಳಬೇಕು, ಬ್ರೇಕಪ್ ಆದಾಗ ಹೆಗಲು ಕೊಡಬೇಕು. ಅವನ ಬ್ರೇಕಪ್ ಕಥೆ ಶುರುವಾದ ತಕ್ಷಣ ನಿಮಗೊಂದು ಮೀಟಿಂಗ್ ನೆನಪಾಗುತ್ತೆ.

ಎವರೆಟ್ ತನ್ನ ಪುಸ್ತಕದಲ್ಲಿ ಮಾಡಿದ್ದು ಜಾರ್ಜ್‌ಗೆ ಮೈ ಕೊಡುವ ಕೆಲಸ. ಬೆವರು, ಹಸಿವು, ಹೊಟ್ಟೆಕಿಚ್ಚು, ಸ್ವಾರ್ಥ, ಕುಡಿದು ಬಿದ್ದ ರಾತ್ರಿಗಳು. ನೀವು ಮುದ್ದು ಮಾಡಿದ ಆ ಗೆಳೆಯ ಫೋನಿಟ್ಟ ಮೇಲೆ ಎಲ್ಲಿಗೆ ಹೋಗುತ್ತಿದ್ದ ಗೊತ್ತಾ, ಬನ್ನಿ ತೋರಿಸುತ್ತೇನೆ ಅಂತ ಕೈಹಿಡಿದು ಕರಕೊಂಡು ಹೋಗುತ್ತಾನೆ. ಅದಕ್ಕೇ ನಮ್ಮವರಿಗೆ "ಇದೆಲ್ಲ ಹೇಳ್ಕೋಬೇಕಿತ್ತಾ" ಅನ್ನಿಸುವುದು.

ಇಷ್ಟು ಹೇಳಿದ ಮೇಲೆ ಅವನನ್ನು ಹೊತ್ತು ಮೆರೆಸುತ್ತಿದ್ದೇನೆ ಅಂದುಕೊಳ್ಳಬೇಡಿ. ನನಗೆ ಅವನ ಮೇಲೆ ಸಿಟ್ಟು ಬರುವ ಜಾಗಗಳಿವೆ. ಪೌಲಾ ಯೇಟ್ಸ್ ಎಂಬ ಟೀವಿ ನಿರೂಪಕಿ, ಹಾಡುಗಾರ ಬಾಬ್ ಗೆಲ್ಡಾಫ್‌ನ ಸಂಗಾತಿ, ಆಮೇಲೆ ಹೆಂಡತಿ. ಅವಳ ಜತೆ ತನಗಿದ್ದ ಸಂಬಂಧವನ್ನು ಎವರೆಟ್ ಪುಸ್ತಕದಲ್ಲಿ ಬಿಚ್ಚಿಟ್ಟಿದ್ದಾನೆ. ಅವಳು 2000ದಲ್ಲೇ ಹೆರಾಯಿನ್ ಹೆಚ್ಚಾಗಿ ತೀರಿಕೊಂಡಿದ್ದಳು. ಹಿಂದೆ ಹೆಣ್ಣುಮಕ್ಕಳಿದ್ದರು. ತನ್ನ ಗುಟ್ಟು ತನ್ನದು. ಸತ್ತವಳ ಗುಟ್ಟು ಯಾರದು? ಮಡೋನಾ ಜತೆಗಿನ ಗೆಳೆತನವೂ ಪುಸ್ತಕದ ನಂತರ ಹಳಸಿತು, ಹಳಸದೆ ಇನ್ನೇನು. ಇದು ಎವರೆಟ್‌ನ ಮೇಲಿರುವ ನಿಜವಾದ ಆರೋಪ. ಗಮನಿಸಿ, ಇದಕ್ಕೂ ಅವನು ಗೇ ಆಗಿರುವುದಕ್ಕೂ ಎಳ್ಳಷ್ಟೂ ಸಂಬಂಧವಿಲ್ಲ. ಪರರ ಗುಟ್ಟು ಮಾರಿದ ಯಾವ ಆತ್ಮಕಥೆಕಾರನ ಮೇಲಾದರೂ ಹೊರಿಸಬಹುದಾದ ಆರೋಪ. ಹೀಗೆ ಬೈಯಿರಿ ಅವನನ್ನು, ನಾನೂ ದನಿಗೂಡಿಸುತ್ತೇನೆ.

ಇನ್ನೊಂದು. 2009ರಲ್ಲಿ ಅವನು, ವೃತ್ತಿಯ ಬಗ್ಗೆ ಕಾಳಜಿ ಇರುವ ಯಾವ ನಟನಿಗೂ ತಾನು ಗೇ ಅಂತ ಹೊರಗೆ ಹೇಳಿಕೊಳ್ಳುವ ಸಲಹೆ ಕೊಡಲಾರೆ ಎಂದ. 2012ರಲ್ಲಿ, ಇಬ್ಬರು ಗೇ ಅಪ್ಪಂದಿರ ಕೈಯಲ್ಲಿ ಬೆಳೆಯುವುದಕ್ಕಿಂತ ಕೆಟ್ಟದ್ದು ಯಾವುದೂ ತೋಚುವುದಿಲ್ಲ ಅಂತ ಇನ್ನೊಂದು ಬಾಂಬು ಹಾಕಿದ. ಎರಡನೆಯದು ಶುದ್ಧ ಅವಿವೇಕ, ಅದನ್ನು ಸಮರ್ಥಿಸುವ ದರ್ದು ನನಗಿಲ್ಲ. ಮೊದಲನೆಯದರ ಬಗ್ಗೆ ಮಾತ್ರ ಜಗಳ ಆಡಬೇಕು. ಅವನು ಹೊರಗೆ ಹೇಳಿಕೊಂಡದ್ದು 1989ರ ಹೊತ್ತಿಗೆ. ಅದರ ಹಿಂದಿನ ವರ್ಷವಷ್ಟೇ ಥ್ಯಾಚರ್ ಸರಕಾರ ಸೆಕ್ಷನ್ 28 ತಂದು, ಸ್ಥಳೀಯ ಸಂಸ್ಥೆಗಳು ಸಲಿಂಗಕಾಮವನ್ನು 'ಪ್ರಚಾರ' ಮಾಡಬಾರದು ಅಂತ ವಿಧಿಸಿತ್ತು. ಪತ್ರಿಕೆಗಳು ಏಡ್ಸ್ ಹೆಸರಲ್ಲಿ ಬೆಂಕಿ ಕಾರುತ್ತಿದ್ದವು. ಆಗ ಬಾಯಿ ಬಿಟ್ಟವನು, ಇಪ್ಪತ್ತು ವರ್ಷ ಅದರ ಬೆಲೆ ಕಟ್ಟಿದವನು, ರಸೀದಿ ತೋರಿಸಿ "ನೋಡಪ್ಪ, ಇಷ್ಟಾಯ್ತು" ಅಂದರೆ ಅದನ್ನು ದ್ರೋಹ ಅಂತೀರಾ? ನಮ್ಮ ಚಳವಳಿಯ ಕೆಲವರು ಅಂದರು. ಅವರಿಗೂ ಬೇಕಾಗಿದ್ದು ಇನ್‌ಸ್ಪೈರಿಂಗ್ ಜರ್ನಿಯೇ, ಫ್ಯಾಮಿಲಿ ಆಡಿಯೆನ್ಸಿಗೆ ಒಗ್ಗುವಂಥದ್ದು. ಸಲಹೆ ತಪ್ಪೇ ಇರಲಿ, ಲೆಕ್ಕ ಸುಳ್ಳಲ್ಲ.

ಇಲ್ಲಿ ನಮ್ಮ ಕಡೆ ನೋಡಿದರೆ ಕರಣ್ ಜೋಹರ್ 2017ರ ಜನವರಿಯಲ್ಲಿ 'ಆನ್ ಅನ್‌ಸೂಟಬಲ್ ಬಾಯ್' ಬರೆದ. ನನ್ನ ಲೈಂಗಿಕತೆ ಏನು ಅಂತ ಎಲ್ಲರಿಗೂ ಗೊತ್ತು, ಆದರೆ ಆ ಪದ ಹೇಳಲಾರೆ, ಹೇಳಿದರೆ ಜೈಲಿಗೆ ಹಾಕಬಹುದಾದ ದೇಶದಲ್ಲಿದ್ದೇನೆ ಎಂಬರ್ಥದಲ್ಲಿ ಬರೆದ. 377 ಇನ್ನೂ ಜೀವಂತವಿತ್ತು, ಅವನನ್ನು ದೂರಲಾರೆ. ಮೆಕಾಲೆ ಕರಡು ಮಾಡಿ, ಬ್ರಿಟಿಷರು 1860ರಲ್ಲಿ ನಮಗೆ ದಯಪಾಲಿಸಿದ ಕಾನೂನು ಅದು. ತಮ್ಮ ದೇಶದಲ್ಲಿ ಅವರು 1967ರಲ್ಲೇ ಅರ್ಧಂಬರ್ಧ ಸಡಿಲಿಸಿಕೊಂಡರು. ಎವರೆಟ್‌ಗೆ ಆಗ ಎಂಟು ವರ್ಷ.

ಕನ್ನಡದಲ್ಲಿ? ಎ. ರೇವತಿಯವರ ಆತ್ಮಕಥೆ ದು. ಸರಸ್ವತಿಯವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಬಂತು, ಹೆಗ್ಗೋಡಿನ ಜನಮನದಾಟ ತಂಡ ಅದನ್ನು ರಂಗಕ್ಕೆ ತಂದಿತು. ಲಿವಿಂಗ್ ಸ್ಮೈಲ್ ವಿದ್ಯಾ ಅವರ ಕಥೆ 'ನಾನು ಅವನಲ್ಲ... ಅವಳು' ಸಿನಿಮಾ ಆಗಿ ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ಕೊಡಿಸಿತು. ಜೋಗತಿ ಮಂಜಮ್ಮನವರಿಗೆ ಪದ್ಮಶ್ರೀ ಬಂತು, ಅವರ ಬದುಕಿನ ಕಥನವೂ ಪುಸ್ತಕವಾಯಿತು. ಇವು ಟ್ರಾನ್ಸ್ ಹೆಂಗಸರ ಬದುಕುಗಳು, ನನ್ನದಕ್ಕಿಂತ ಎಷ್ಟೋ ಪಟ್ಟು ಕಡಿದಾದ ದಾರಿಗಳು. ಅವುಗಳ ನೋವನ್ನು ಕಡಿಮೆ ಮಾಡಿ ಹೇಳುವ ದುರಹಂಕಾರ ನನಗಿಲ್ಲ. ನನ್ನ ಜಗಳ ಓದುವ, ನೋಡುವ ನಮ್ಮ ಜತೆ. ರೇವತಿಯವರ ಪುಸ್ತಕದಲ್ಲಿ ಆಸೆ ಇದೆ, ಹಟ ಇದೆ, ಮೋಹ ಇದೆ. ಹೊರಗೆ ಬಂದು ನಾವು ಹೇಳುವುದು ಮಾತ್ರ "ಪಾಪ, ಎಷ್ಟು ಕಷ್ಟಪಟ್ಟಿದಾರೆ" ಅಂತ. ಕಷ್ಟಪಟ್ಟವರಿಗೆ ಮಾತ್ರ ಟಿಕೆಟ್ಟು. ವಸುಧೇಂದ್ರ 2013ರಲ್ಲಿ 'ಮೋಹನಸ್ವಾಮಿ' ಬರೆದಾಗ ಅದನ್ನು ನಾನು ಒಂದೇ ರಾತ್ರಿಯಲ್ಲಿ ಓದಿದ್ದಕ್ಕೆ ಕಾರಣ, ಅದರ ಮೋಹನಸ್ವಾಮಿ ಸಂತನಲ್ಲ ಎಂಬುದು. ಅವನಿಗೆ ಹೊಟ್ಟೆ ಉರಿಯುತ್ತದೆ. ಕನ್ನಡದಲ್ಲಿ ಒಬ್ಬ ಗೇ ಗಂಡಸಿನ ಹೊಟ್ಟೆ ಉರಿಯುವುದನ್ನು ಅಚ್ಚಿನಲ್ಲಿ ನೋಡಿ ನನಗಾದ ಸಮಾಧಾನವನ್ನು ಹೇಗೆ ವಿವರಿಸಲಿ!

ಕೊನೆಗೆ ಹೇಳ್ತೀನಿ ಅಂದಿದ್ದೆನಲ್ಲ ಫರ್ತ್ ವಿಷಯ. ಎವರೆಟ್‌ಗೆ ಆಸ್ಕರ್ ವೈಲ್ಡ್‌ನ ಹುಚ್ಚು. ವೈಲ್ಡ್‌ನ ಕೊನೆಯ ವರ್ಷಗಳ ಬಗ್ಗೆ ತಾನೇ ಚಿತ್ರಕಥೆ ಬರೆದು, ದುಡ್ಡಿಗಾಗಿ ಸುಮಾರು ಹತ್ತು ವರ್ಷ ಅಲೆದು, ತಾನೇ ನಿರ್ದೇಶಿಸಿ, ತಾನೇ ವೈಲ್ಡ್ ಆಗಿ ನಟಿಸಿ 2018ರಲ್ಲಿ 'ದ ಹ್ಯಾಪಿ ಪ್ರಿನ್ಸ್' ತೆರೆಗೆ ತಂದ. ಅದಕ್ಕೆ ಕಾಲಿನ್ ಫರ್ತ್ ಬೆನ್ನಿಗೆ ನಿಂತ, ಸಣ್ಣ ಪಾತ್ರವನ್ನೂ ಮಾಡಿದ. ಲೇವಡಿ ಮಾಡಿಸಿಕೊಂಡವನ ದೊಡ್ಡತನ ಅದು.

ವೈಲ್ಡ್ ಅಂದರೆ ನಮಗೆ ಟೀ ಶರ್ಟಿನ ಮೇಲೆ ಅಚ್ಚಾಗುವ ಚಟಾಕಿಗಳು ಮತ್ತು ಒಬ್ಬ ಹುತಾತ್ಮ. 1895ರಲ್ಲಿ ಎರಡು ವರ್ಷ ಕಠಿಣ ಶಿಕ್ಷೆ, 1900ರ ನವೆಂಬರ್ 30ರಂದು ಪ್ಯಾರಿಸ್ಸಿನ ಹೋಟೆಲೊಂದರಲ್ಲಿ ಸಾವು, ವಯಸ್ಸು 46. 2017ರಲ್ಲಿ ಬ್ರಿಟನ್ ಅವನಂಥ ಸುಮಾರು 50,000 ಗಂಡಸರಿಗೆ 'ಕ್ಷಮೆ' ಕೊಟ್ಟಿತು. ಕ್ಷಮೆ ಕೇಳಲಿಲ್ಲ, ಕೊಟ್ಟಿತು. ಎವರೆಟ್‌ನ ವೈಲ್ಡ್ ಈ ಯಾವ ಪಟದೊಳಗೂ ಕೂರುವುದಿಲ್ಲ. ಊದಿಕೊಂಡ ಮುಖ, ಹಲ್ಲು ಕೆಟ್ಟಿದೆ, ಕೆನ್ನೆಗೆ ಬಣ್ಣ ಬಳಿದುಕೊಂಡಿದ್ದಾನೆ, ಪರಿಚಯದವರ ಹತ್ತಿರ ಕುಡಿಯಲು ಕಾಸು ಕೇಳುತ್ತಾನೆ, ಹುಡುಗರ ಹಿಂದೆ ಹೋಗುತ್ತಾನೆ. ನೋಡಲು ಕಷ್ಟವಾಗುತ್ತದೆ, ನಗುವೂ ಬರುತ್ತದೆ.

ಜೈಲಿನಿಂದ ಬಂದ ವೈಲ್ಡ್‌ಗೆ ಹೆಂಡತಿ ಕಾನ್‌ಸ್ಟನ್ಸ್ ವರ್ಷಕ್ಕೆ 150 ಪೌಂಡ್ ಕೊಡುವ ಏರ್ಪಾಡಿತ್ತು. ಅವಳು ಕೆಟ್ಟವಳಲ್ಲ. ಗಂಡನಿಂದಾಗಿ ತನ್ನ ಮತ್ತು ಇಬ್ಬರು ಮಕ್ಕಳ ಹೆಸರನ್ನೇ ಬದಲಿಸಿಕೊಂಡು ಪರದೇಶದಲ್ಲಿ ತಲೆ ತಪ್ಪಿಸಿಕೊಂಡಿದ್ದವಳು. ಆ ದುಡ್ಡಿಗೆ ಒಂದು ಷರತ್ತಿತ್ತು. ಬೋಸಿ ಎಂಬ ಆ ಹುಡುಗ, ಲಾರ್ಡ್ ಆಲ್‌ಫ್ರೆಡ್ ಡಗ್ಲಸ್, ಯಾರಿಂದಾಗಿ ಇಷ್ಟೆಲ್ಲ ಆಯಿತೋ ಅವನ ಜತೆ ಸೇರಬಾರದು. ಗೆಳೆಯರೂ ಅದನ್ನೇ ಹೇಳಿದರು. ಮರ್ಯಾದೆಯಿಂದಿರು, ಬರೆ, ಜನ ಮರೆಯುತ್ತಾರೆ, ವಾಪಸ್ ಬರಬಹುದು.

1897ರ ಸೆಪ್ಟೆಂಬರಿನಲ್ಲಿ ವೈಲ್ಡ್ ಬೋಸಿಯ ಜತೆ ಸೇರಿ ನೇಪಲ್ಸಿಗೆ ಹೋದ. ದುಡ್ಡು ನಿಂತಿತು. ಕೆಲವೇ ತಿಂಗಳಲ್ಲಿ ಇಬ್ಬರೂ ದೂರವಾದರು. ಎವರೆಟ್ ಅದಿಷ್ಟನ್ನೂ ಮುಚ್ಚಿಡದೆ ತೋರಿಸಿದ್ದಾನೆ, ಅವರು ಸುಖವಾಗಿದ್ದ ಆ ಕೆಲವು ದಿನಗಳನ್ನೂ ಸೇರಿಸಿ.